ಮೂರು ಸಲ ಜಗ್ಗುವ ಬೀಗದಯ್ಯ

ಬೀಗದಯ್ಯನಷ್ಟು ಅನುಮಾನದ ಪ್ರಾಣಿ ಇನ್ನೊಂದಿಲ್ಲ. ಕೀಲಿ ಮಾಡುವುದು ಕಸುಬು, ಯಾರನ್ನೂ ನಂಬದಿರುವುದು ಸ್ವಭಾವ. ಹಾಕಿದ ಬೀಗವನ್ನು ಮೂರು ಸಲ ಜಗ್ಗದೆ ಮೆಟ್ಟಿಲು ಇಳಿದವನಲ್ಲ. ಮೇಲ್‌ನ ಪಾಸ್‌ವರ್ಡ್ ಒತ್ತುವಾಗ ಕಟ್ಟಿಕೊಂಡ ಹೆಂಡತಿಗೇ "ಆ ಕಡೆ ತಿರುಗು" ಎನ್ನುವ ಗಂಡಸು. ಕಾರಣವಿಲ್ಲದೆ ಇಲ್ಲ. ಗಿರಾಕಿಗಳು ಕಳಿಸಿದ ಕೀಲಿಗಳ ಫೋಟೊ, ವಿಳಾಸದ ಸಮೇತ, ಆ ಮೇಲ್‌ನಲ್ಲೇ ಇದ್ದವು. ಅದು ತೆರೆದರೆ ಅರ್ಧ ಊರಿನ ಬಾಗಿಲು ತೆರೆದಂತೆ.

ಒಂದು ಮಧ್ಯಾಹ್ನ ಕೀಲಿಯೊಂದರ ಚಿತ್ರವನ್ನು ಅಳತೆಗೆ ಸರಿಯಾಗಿ ಪ್ರಿಂಟ್ ಮಾಡಿಸಲು ಎದುರಿನ ಜೆರಾಕ್ಸ್ ಅಂಗಡಿಗೆ ಹೋದವನು, ಕೋಟೆ ಗೆದ್ದ ದಳಪತಿಯ ಹಾಗೆ ಮರಳಿದ.

"ಕಂಡವರ ಕಂಪ್ಯೂಟರಲ್ಲಿ ಮೇಲ್ ತೆಗೆದ್ರಾ?" ಗಲ್ಲಾದಲ್ಲಿ ಕೂತಿದ್ದ ಹೆಂಡತಿ ಕೇಳಿದಳು.

"ಓಟಿಪಿ ಇರೋವಾಗ ಭಯ ಏನೇ? ಒಂದೇ ಸಲ ತಿರುಗಿ ಮುರಿದುಹೋಗೋ ಕೀಲಿ ಅದು. ಕದ್ದವನಿಗೆ ಬರೀ ತಗಡು."

"ಸರಿ. ಬರುವಾಗ ಲಾಗೌಟ್ ಮಾಡಿದ್ರಾ?"

ಬೀಗದಯ್ಯ ನೀರಿನ ಲೋಟ ಕೆಳಗಿಟ್ಟ.

"ಕೀಲಿ ಮುರಿದು, ಬಾಗಿಲು ತೆರೆದಿಟ್ಟು ಬಂದಿದ್ದೀರಿ. ಇನ್ನು ಕಳ್ಳನಿಗೆ ಕೀಲಿ ಯಾಕ್ರೀ?"

ಇಬ್ಬರೂ ಬಿದ್ದೆನೋ ಕೆಟ್ಟೆನೋ ಎಂದು ಓಡಿದರು. ಅಂಗಡಿಯವನು ಊಟಕ್ಕೆ ಹೋಗಿದ್ದ. ಗಾಜಿನ ಬಾಗಿಲಿಗೆ ಬೀಗ. ಒಳಗೆ, ಬೀದಿಗೆ ಮುಖ ಮಾಡಿದ ಪರದೆಯ ತುಂಬ, ಒಬ್ಬಳೇ ಇರುವ ನರ್ಸಮ್ಮನ ಮನೆಯ ಕೀಲಿ ಮೊಣಕೈಯುದ್ದ ಬೆಳಗುತ್ತಿತ್ತು. ಕೆಳಗೆ ಮನೆಯ ನಂಬರು.

ಬೀಗದಯ್ಯನ ಕೈ ಜೇಬಿನ ತಂತಿಗೆ ಹೋಯಿತು. "ನಾನೇ ಮಾರಿದ ಬೀಗ. ಕಣ್ಣು ಮುಚ್ಚಿ ತೆಗೀತೀನಿ."

"ತೆಗೀರಿ. ನಾಳೆಯಿಂದ ನಿಮ್ಮ ಹತ್ರ ಬೀಗ ಯಾರು ಕೊಳ್ತಾರೋ ನೋಡೋಣ. ನಿಮ್ಮ ಫೋನಲ್ಲೇ 'ಎಲ್ಲ ಕಡೆಯಿಂದ ಲಾಗೌಟ್' ಅಂತ ಇದೆ, ಒತ್ತಿ."

ಒತ್ತಿದ. ತುಸು ಹೊತ್ತಿಗೆ ಪರದೆಯಿಂದ ಕೀಲಿ ಮಾಯವಾಯಿತು. ಬೀಗದಯ್ಯ ಉಸಿರು ಬಿಟ್ಟು, ಹುಟ್ಟುಗುಣ ಬಿಡದೆ, ಪರರ ಅಂಗಡಿಯ ಬೀಗವನ್ನೂ ಮೂರು ಸಲ ಜಗ್ಗಿದ.

"ಇನ್ನೂ ಮುಗಿದಿಲ್ಲ. ನೀವು ಒತ್ತಿದ ಪಾಸ್‌ವರ್ಡನ್ನ ಆ ಕಂಪ್ಯೂಟರು ನೆನಪಿಟ್ಟುಕೊಂಡಿದ್ರೆ? ಈಗಲೇ ಬದಲಾಯಿಸಿ," ಎಂದವಳು, ಹೇಳಿಸಿಕೊಳ್ಳದೆಯೇ ಆ ಕಡೆ ತಿರುಗಿ ನಿಂತಳು.

ಹಿಂದಿನಿಂದ ಅವಳ ಭುಜಕ್ಕೆ ಫೋನು ತಾಗಿತು.

"ನೀನೇ ಹಾಕು," ಎಂದ ಬೀಗದಯ್ಯ, ಗೋಡೆಯ ಕಡೆ ಮುಖ ತಿರುಗಿಸಿಕೊಂಡ.