ನಾಲ್ಕಿಂಚಿನ ಪೈಪಿನಲ್ಲಿ ನಮ್ಮ ಸಂಸಾರ

ಪ್ರಳಯವೇ ಬರಲಿ, ನಮ್ಮ ಮನೆಯ ಒಂದು ಚೂರು ಕಾಗದವೂ ನೆನೆಯಕೂಡದು! ಹೀಗೆಂದು ನಾನು ಶಪಥ ಮಾಡಿದ್ದು ಒಂದು ಭಾನುವಾರ, ಪ್ರಾಥಮಿಕ ಶಾಲೆಯ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತು. ಜಿಲ್ಲಾ ಕಚೇರಿಯವರು ಅಂದು ಊರಿನವರನ್ನೆಲ್ಲ ಸೇರಿಸಿ ದೊಡ್ಡದೊಂದು ನಕ್ಷೆ ಬಿಡಿಸಿ ತೋರಿಸಿದ್ದರು. ಅದರಲ್ಲಿ ನಮ್ಮ ಬೀದಿಗೆ ಗಾಢ ನೀಲಿ ಬಳಿದಿದ್ದರು. ನೀಲಿ ಎಂದರೆ ಹೊಳೆ ಉಕ್ಕಿದಾಗ ಎಲ್ಲಕ್ಕಿಂತ ಮೊದಲು ಮುಳುಗುವ ಜಾಗ.

"ನೀರು ಬಂದ್ರೆ ಮೂರು ದಿನ ಯಾರೂ ನಿಮ್ಮ ಹತ್ರ ಬರೋಕಾಗಲ್ಲ. ಕುಡಿಯೋ ನೀರು, ಆಹಾರ, ಕಾಗದಪತ್ರ, ಈ ಮೂರನ್ನ ನೀವೇ ಭದ್ರ ಮಾಡ್ಕೋಬೇಕು" ಎಂದರು ಅಧಿಕಾರಿ.

ಉಳಿದವರು ಆಕಳಿಸಿದರು. ನಾನು ಆಕಳಿಸಲಿಲ್ಲ. ಏಕೆಂದರೆ ನಾನು ಪ್ಲಂಬರ್! ಇಪ್ಪತ್ತೆಂಟು ವರ್ಷಗಳಿಂದ ಸುತ್ತಮುತ್ತಲ ನೀರೆಲ್ಲ ನಾನು ತೋರಿಸಿದ ದಾರಿಯಲ್ಲೇ ಹರಿದಿದೆ. ಅಂಥವನ ಮನೆಗೆ ಹೇಳದೆ ಕೇಳದೆ ನೀರು ನುಗ್ಗಿದರೆ ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆ?

ಮನೆಗೆ ಬಂದವನೇ ಹೆಂಡತಿಯೆದುರು ಯೋಜನೆ ಮಂಡಿಸಿದೆ. ಅವಳು ದನದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವವಳು. ಒದೆಯುವ ಹೋರಿಯನ್ನೂ ಮಾತಾಡಿಸುತ್ತಲೇ ಚುಚ್ಚಿ ಮುಗಿಸುತ್ತಾಳೆ. ನನ್ನ ಮಾತನ್ನೂ ಅದೇ ಸಮಾಧಾನದಿಂದ ಕೇಳಿದಳು.

"ಮೂರು ಪೈಪು! ನಾಲ್ಕಿಂಚಿಂದು, ಹತ್ತಡಿ ಉದ್ದದ್ದು. ಒಂದರಲ್ಲಿ ನೀರು, ಒಂದರಲ್ಲಿ ಅಕ್ಕಿ, ಒಂದರಲ್ಲಿ ಕಾಗದಪತ್ರ. ಎರಡೂ ತುದಿ ಮುಚ್ಚಿ ಹಿತ್ತಲ ಗೋಡೆಗೆ ನಿಲ್ಲಿಸಿ ಕ್ಲಾಂಪ್ ಹೊಡೆದುಬಿಟ್ರೆ, ಸಮುದ್ರಾನೇ ಬಂದ್ರೂ ಒಂದು ಕೂದಲು ಕೊಂಕಲ್ಲ!"

"ಬೇಕಾದಾಗ ತೆಗೆಯೋದು ಹೇಗೆ?"

"ತಿರುಗಿಸೋ ಮುಚ್ಚಳ ಇಟ್ರೆ ಸಂದಿಯಲ್ಲಿ ನೀರು ಇಳಿಯುತ್ತೆ. ಸಲ್ಯೂಷನ್ ಹಾಕಿ ಅಂಟಿಸೋದೇ ಸರಿ. ಪ್ರವಾಹ ಬಂದಾಗ ಗರಗಸ ತಗೊಂಡು ಕೊಯ್ದರಾಯ್ತು."

"ನೀರಿನ ಪೈಪಿಗಾದ್ರೂ ಒಂದು ನಲ್ಲಿ ಇಡಿ."

"ನಲ್ಲಿ ಇಟ್ರೆ ನಿಮ್ಮಮ್ಮ ದಿನಾ ಗಿಡಕ್ಕೆ ಬಿಡ್ತಾರೆ!"

"ಕೇಳಿಸ್ತು ಅಳಿಯಂದ್ರೇ!" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಎರಡೇ ದಿನದಲ್ಲಿ ಕೆಲಸ ಮುಗಿಯಿತು. ಹೆಂಡತಿ ತನ್ನ ಸರ್ಟಿಫಿಕೇಟುಗಳನ್ನೂ ಮನೆಪತ್ರವನ್ನೂ ತಾನೇ ಸುರುಳಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊಟ್ಟಳು. ಸುರುಳಿ ಒಳಗೆ ಅಲ್ಲಾಡದಿರಲೆಂದು ಮೇಲೂ ಕೆಳಗೂ ಹತ್ತಿ ತುರುಕಿದೆ. ಕಳ್ಳರಿಗೆ ಸುಳಿವು ಸಿಗದಿರಲೆಂದು ಮೂರಕ್ಕೂ ಗೋಡೆಯ ಬಣ್ಣವನ್ನೇ ಬಳಿದೆ. ಪಕ್ಕದ ಮನೆಯ ದರ್ಜಿಯಣ್ಣ ಕಾಂಪೌಂಡಿನ ಮೇಲಿಂದ ಇಣುಕಿದರು.

"ಮೂರೂ ಒಂದೇ ಥರ ಇವೆಯಲ್ಲ ಪ್ಲಂಬರ್ರೇ. ಒಂದು ಗುರುತಾದ್ರೂ ಹಾಕಿ. ನಾವು ಬಟ್ಟೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕ್ದೆ ಕತ್ತರಿ ಮುಟ್ಟಲ್ಲ."

"ಗೀಟು ಯಾಕೆ? ಯಾವುದರಲ್ಲಿ ಏನಿದೆ ಅಂತ ಪಟ್ಟಿನೇ ಬರೆದಿಟ್ಟಿದ್ದೀನಿ!" ಎಂದೆ ಎದೆಯುಬ್ಬಿಸಿ. ಪಟ್ಟಿ ಇದ್ದಮೇಲೆ ನೆನಪಿಟ್ಟುಕೊಳ್ಳುವ ತಾಪತ್ರಯ ಯಾರಿಗೆ ಬೇಕು? ಅಂದೇ ಮರೆತುಬಿಟ್ಟೆ.

ಮೂರು ತಿಂಗಳು ಕಳೆಯಿತು. ಹೊಳೆ ತನ್ನ ಪಾಡಿಗೆ ತಾನು ಕೆಳಗೇ ಹರಿಯುತ್ತಿತ್ತು. ಇಷ್ಟೆಲ್ಲ ಮಾಡಿದ ಮೇಲೂ ಪ್ರವಾಹ ಬಾರದಿದ್ದುದಕ್ಕೆ ನನಗೆ ಒಳಗೊಳಗೇ ಸ್ವಲ್ಪ ಬೇಜಾರೂ ಆಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಒಂದು ಮಧ್ಯಾಹ್ನ ಎರಡು ಗಂಟೆಗೆ ಹೆಂಡತಿಯ ಫೋನು ಬಂತು.

"ರೀ, ಬಡ್ತಿ ಬಂತು! ಮೇಲ್ವಿಚಾರಕಿ! ನಾಲ್ಕು ಗಂಟೆಯೊಳಗೆ ಇಲ್ಲಿ ನಮ್ಮ ಆಸ್ಪತ್ರೆಯಲ್ಲೇ ಕಾಗದ ಕೊಡಬೇಕಂತೆ. ತಪ್ಪಿದ್ರೆ ನನ್ನ ನಂತರದವರಿಗೆ ಹೋಗುತ್ತೆ. ಆ ಪೈಪಿನಲ್ಲಿರೋ ಸೆಟ್ಟು ತಗೊಂಡು ಬನ್ನಿ. ಆದ್ರೆ ಒಂದ್ನಿಮಿಷ ಕೇಳಿ, ಅದು..."

"ನೀನೇನೂ ಹೇಳ್ಬೇಡ! ಐದೇ ನಿಮಿಷ!" ಎಂದು ಫೋನಿಟ್ಟೆ.

ಹನ್ನೆರಡು ವರ್ಷ ಕಾದ ಬಡ್ತಿ! ಮಳೆ ಬಿಸಿಲೆನ್ನದೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅಲೆದು, ಎಷ್ಟು ಒದೆ ತಿಂದಿದ್ದಳೋ ಪಾಪ. ನನಗೆ ಕಣ್ಣು ತುಂಬಿ ಬಂತು. ಗರಗಸ ಹಿಡಿದು ಹಿತ್ತಲಿಗೆ ಓಡಿದೆ. ಮೂರು ಪೈಪುಗಳು ಸಾಲಾಗಿ ನಿಂತಿದ್ದವು. ಯಾವುದು?

"ಅತ್ತೆ, ನನ್ನ ಪಟ್ಟಿ ನೋಡಿದ್ರಾ?"

"ಯಾವ ಪಟ್ಟಿ?"

"ಯಾವ ಪೈಪಲ್ಲಿ ಏನಿದೆ ಅನ್ನೋ ಪಟ್ಟಿ. ಬಹಳ ಮುಖ್ಯವಾದ ಕಾಗದ."

"ಮುಖ್ಯವಾದ ಕಾಗದಾನೆಲ್ಲ ಪೈಪಿಗೆ ಹಾಕಿದ್ದೀನಿ ಅಂದ್ರಲ್ಲ?"

ಹೌದು! ಯಾವ ಪೈಪಿನಲ್ಲಿ ಕಾಗದಗಳಿವೆ ಎಂದು ಹೇಳುವ ಕಾಗದ, ಆ ಕಾಗದಗಳ ಪೈಪಿನೊಳಗೇ ಬೆಚ್ಚಗೆ ಮಲಗಿತ್ತು!

ಆದರೇನು? ಇಪ್ಪತ್ತೆಂಟು ವರ್ಷ ಪಳಗಿದ ಕಿವಿ ಎಲ್ಲಿಗೆ ಹೋದೀತು? ಸುತ್ತಿಗೆಯ ಹಿಡಿಯಿಂದ ಮೂರನ್ನೂ ತಟ್ಟಿದೆ. ದಬ್. ದಬ್. ದಬ್. ಅಯ್ಯೋ ನನ್ನ ಅಚ್ಚುಕಟ್ಟುತನವೇ! ನೀರೂ ಕಂಠಮಟ್ಟ, ಅಕ್ಕಿಯೂ ಕಂಠಮಟ್ಟ, ಹತ್ತಿಯೂ ಕಂಠಮಟ್ಟ. ಟೊಳ್ಳೆಂಬುದೇ ಇಲ್ಲದ ಸಂಸಾರ! ಆದರೂ ಎಡಗಡೆಯದು ಸ್ವಲ್ಪ ಕಾಗದದ ದನಿಯಲ್ಲಿ ಮಾತಾಡಿದಂತೆನಿಸಿತು.

"ಇದೇ!" ಎಂದು ಘೋಷಿಸಿ ಸೊಂಟದ ಎತ್ತರದಲ್ಲಿ ಗರಗಸವಿಟ್ಟು ಕೊಯ್ದೆ.

ಎರಡು ಬಕೆಟ್ ನೀರು ಎನ್ನುವುದು ಬಕೆಟ್ಟಿನಲ್ಲಿರುವಾಗ ಬಡಪಾಯಿ. ಪೈಪಿನಲ್ಲಿ ನಿಂತು ನಿಂತು ಬೇಸತ್ತು ಒಂದು ಸೀಳಿನಿಂದ ಹೊರಟಿತೆಂದರೆ ಅದರ ಗತ್ತೇ ಬೇರೆ! ನೇರ ಮುಖಕ್ಕೆ, ಅಲ್ಲಿಂದ ಎದೆಗೆ, ಎದೆಯ ಜೇಬಿನಲ್ಲಿದ್ದ ಫೋನಿಗೆ. ಫೋನು ಒಂದು ಸಲ ಮಿನುಗಿ ಕಣ್ಣು ಮುಚ್ಚಿತು. ಉಳಿದ ನೀರು ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ನಡೆಯಿತು.

"ಅಳಿಯಂದ್ರೇ, ಪ್ರವಾಹ ಬಂತು!" ಎಂದು ಅತ್ತೆ ಸೀರೆ ಎತ್ತಿಕೊಂಡು ಸ್ಟೂಲು ಹತ್ತಿದರು. ಅವರ ಮುಖದಲ್ಲಿ ಗಾಬರಿಗಿಂತ ಖುಷಿಯೇ ಹೆಚ್ಚಾಗಿದ್ದಂತೆ ಕಂಡಿತು.

ದರ್ಜಿಯಣ್ಣ ಕಾಂಪೌಂಡಿನ ಮೇಲೆ ಹಾಜರಾದರು. "ಗೀಟು..." ಎಂದು ಶುರುಮಾಡಿದರು.

"ಗೀಟಿನ ಮಾತೆತ್ತಬೇಡಿ!" ಎಂದೆ, ಬಾಯಿಂದ ನೀರು ಉಗುಳುತ್ತ.

ಗಂಟೆ ಎರಡೂ ಮುಕ್ಕಾಲು. ಉಳಿದಿದ್ದು ಎರಡು ಪೈಪು. ಬಲಗಡೆಯದಕ್ಕೆ ಕಿವಿಯಿಟ್ಟೆ, ಮೂಸಿದೆ, ಅಲ್ಲಾಡಿಸಲು ನೋಡಿದೆ. ನಾನು ಹೊಡೆದ ಕ್ಲಾಂಪು ಅಲ್ಲಾಡುವುದುಂಟೇ? ದೇವರ ಮೇಲೆ ಭಾರ ಹಾಕಿ ಕೊಯ್ದೆ.

ಅಕ್ಕಿ! ಮೊದಲು ತೆಳ್ಳಗೆ ಸರಸರನೆ, ಆಮೇಲೆ ಪೈಪು ಮುರಿದು ಭೋರೆಂದು. ಇಪ್ಪತ್ತು ಕಿಲೋ ಅಕ್ಕಿ ನನ್ನ ತಲೆ, ಹೆಗಲು, ಅಂಗಿಯ ಒಳಗೆಲ್ಲ ಇಳಿದು ಹಿತ್ತಲ ಕೆಸರಿನಲ್ಲಿ ರಾಶಿಯಾಯಿತು. ಒದ್ದೆ ಮೈಗೆ ಅಂಟಿದ್ದು ಅಂಟಿಕೊಂಡೇ ಇತ್ತು. ಎಲ್ಲಿದ್ದವೋ, ಇಡೀ ಬೀದಿಯ ಕೋಳಿಗಳು ರೆಕ್ಕೆ ಬಡಿಯುತ್ತ ಗೋಡೆ ಹಾರಿ ಬಂದವು. ಕೆಲವು ಅಕ್ಕಿಯ ರಾಶಿಗೆ ಹೋದವು, ಕೆಲವು ನನ್ನನ್ನೇ ಹೆಕ್ಕತೊಡಗಿದವು.

"ಮೂರು ದಿನದ ಊಟ ಕೋಳಿಗಾಯ್ತು" ಎಂದರು ಅತ್ತೆ ಸ್ಟೂಲಿನ ಮೇಲಿಂದ.

"ಇನ್ನು ಉಳಿದಿರೋದು ಒಂದೇ ಅತ್ತೆ! ಇನ್ನು ತಪ್ಪೋ ಮಾತೇ ಇಲ್ಲ!"

ಆ ಧೈರ್ಯವೇ ಮುಳುವಾಯಿತು. ಅನುಮಾನವಿಲ್ಲದವನ ಕೈಗೆ ಗರಗಸ ಕೊಡಬಾರದು. ನಡುವಿನ ಪೈಪನ್ನು ನಾನು ಕೊಯ್ದ ವೇಗವನ್ನು ದರ್ಜಿಯಣ್ಣ ಇವತ್ತಿಗೂ ಹೊಗಳುತ್ತಾರೆ. ಪ್ಲಾಸ್ಟಿಕ್ ಪುಡಿ ಉದುರಿತು. ಹತ್ತಿ ಇಣುಕಿತು.

"ನನ್ನ ದಿಂಬು!" ಎಂದು ಅತ್ತೆ ಕಿರುಚಿದರು. "ಮೂರು ತಿಂಗಳಿಂದ ಹುಡುಕ್ತಿದ್ದೀನಲ್ಲ, ನನ್ನ ದಿಂಬು!"

ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ. ಗರಗಸದ ಹಲ್ಲಿನಲ್ಲಿ ಕಾಗದದ ಚೂರು ಸಿಕ್ಕಿಕೊಂಡಿತ್ತು. ಅದರ ಮೇಲೆ ಅರ್ಧ ಮೊಹರು ಕಾಣುತ್ತಿತ್ತು. ಹತ್ತಡಿ ಉದ್ದದ ಪೈಪಿನಲ್ಲಿ ಒಂದಡಿಯ ಸುರುಳಿ ಸರಿಯಾಗಿ ನನ್ನ ಸೊಂಟದ ಮಟ್ಟದಲ್ಲೇ ಕುಳಿತಿತ್ತು. ಹೆಂಡತಿಯ ಓದು, ತರಬೇತಿ, ಹನ್ನೆರಡು ವರ್ಷದ ಸೇವೆ, ಎಲ್ಲವೂ ಎರಡು ತುಂಡು! ಒಂದು ಹನಿ ನೀರು ಮಾತ್ರ ತಾಗಿರಲಿಲ್ಲ.

ಬಟ್ಟೆ ಬದಲಿಸಲು ಸಮಯವಿಲ್ಲ. ಎರಡು ತುಂಡು ಸುರುಳಿಯನ್ನು ಚೀಲಕ್ಕೆ ಹಾಕಿ ಮೊಪೆಡ್ ಹತ್ತಿದೆ. ದಾರಿಯುದ್ದಕ್ಕೂ ಅವಳಿಗೆ ಏನು ಹೇಳಲಿ ಎಂದು ಯೋಚಿಸಿದೆ. ಮೈಮೇಲೆ ಅಕ್ಕಿ, ಅಕ್ಕಿಯ ಮೇಲೆ ಹತ್ತಿ, ಹತ್ತಿಯ ನಡುವೆ ಒಂದೆರಡು ಕೋಳಿಪುಕ್ಕ. ದನದ ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ತಡೆದ.

"ಪ್ರಾಣಿ ಎಲ್ಲಿ?"

"ನಾನೊಬ್ಬನೇ ಬಂದಿರೋದು."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚೀಟಿ ಹರಿದುಕೊಟ್ಟು ಒಳಗೆ ಬಿಟ್ಟ.

ಹೆಂಡತಿ ಮೊಗಸಾಲೆಯಲ್ಲಿ ಕಾಯುತ್ತಿದ್ದಳು. ಗಂಟೆ ಮೂರೂ ಮುಕ್ಕಾಲು. ಎರಡೂ ತುಂಡುಗಳನ್ನು ಎರಡು ಕೈಯಲ್ಲಿ ಹಿಡಿದು ಅವಳೆದುರು ನಿಂತೆ.

"ತಪ್ಪಾಯ್ತು ಕಣೆ. ನಿನ್ನ ಹನ್ನೆರಡು ವರ್ಷಾನ ಕೊಯ್ದುಬಿಟ್ಟೆ" ಎಂದೆ.

ಅವಳು ಸುರುಳಿ ನೋಡಿದಳು, ನನ್ನನ್ನು ನೋಡಿದಳು. ನನ್ನ ಹುಬ್ಬಿನಿಂದ ಒಂದು ಅಕ್ಕಿಕಾಳನ್ನು ಮೆಲ್ಲಗೆ ತೆಗೆದಳು. ಆಮೇಲೆ ಗೋಡೆ ಹಿಡಿದುಕೊಂಡು ನಗತೊಡಗಿದಳು.

"ಇವು ಜೆರಾಕ್ಸು ಕಣ್ರೀ! ಒರಿಜಿನಲ್ಲು ಇಲ್ಲೇ ಆಸ್ಪತ್ರೆ ಮಹಡಿ ಮೇಲಿನ ನನ್ನ ಬೀರುವಿನಲ್ಲಿವೆ. ಸಾಹೇಬ್ರು ಆಗಲೇ ನೋಡಿ ಆಯ್ತು. ಒಂದು ಜೆರಾಕ್ಸ್ ಸೆಟ್ಟೂ ಬೇಕು ಅಂದ್ರು, ಇಲ್ಲಿ ಮೆಷಿನ್ನು ಕೆಟ್ಟಿದೆ. ಅದನ್ನೇ ಹೇಳೋಕೆ ಬಂದೆ, ನೀವು ಐದು ನಿಮಿಷ ಅಂತ ಫೋನಿಟ್ರಿ. ಆಮೇಲೆ ಎಷ್ಟು ಸಲ ಮಾಡಿದ್ರೂ ನಿಮ್ಮ ಫೋನು ಹತ್ತಲೇ ಇಲ್ಲ!"

ಗುಮಾಸ್ತರು ತುಂಡುಗಳನ್ನು ಜೋಡಿಸಿ ಟೇಪು ಅಂಟಿಸಿದರು. "ಜೆರಾಕ್ಸ್ ತಾನೆ, ಓದೋಕೆ ಬಂದ್ರೆ ಸಾಕು" ಎಂದು ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ಮೊಹರು ಗುದ್ದಿದರು. ಮೇಲ್ವಿಚಾರಕಿಯ ಆದೇಶ ಹೆಂಡತಿಯ ಕೈಗೆ ಬಂತು. ನಾನು ಅಲ್ಲಿದ್ದವರಿಗೆಲ್ಲ ಕೈಮುಗಿದೆ. ಅಷ್ಟು ಸಂತೋಷ ನನಗೆ ನಮ್ಮ ಮದುವೆಯ ದಿನವೂ ಆಗಿರಲಿಲ್ಲ.

ಮೊಪೆಡ್ಡಿನ ಹಿಂದೆ ಕುಳಿತವಳು ದಾರಿಯುದ್ದಕ್ಕೂ ನನ್ನ ಬೆನ್ನಿನಿಂದ ಹತ್ತಿ ಕೀಳುತ್ತಿದ್ದಳು. ಊರು ಹತ್ತಿರವಾದಾಗ ನನಗೆ ಒಳಗಿದ್ದ ಪ್ರಶ್ನೆ ತಡೆಯಲಾಗಲಿಲ್ಲ.

"ಅಂದ್ರೆ ಮನೆಪತ್ರ?"

"ಅದೂ ಜೆರಾಕ್ಸೇ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ? ಇಡೀ ಊರಲ್ಲಿ ಪ್ರವಾಹಕ್ಕೆ ಮೊದಲು ತಯಾರಾದವನು ನಾನು ಕಣೆ!"

"ತಯಾರಾಗಿ, ಬೇಡ ಅಂದೋರ್ಯಾರು?" ಎಂದು ಅವಳು ನನ್ನ ಕಿವಿಯ ಹಿಂದಿನ ಕೋಳಿಪುಕ್ಕ ತೆಗೆದು ಗಾಳಿಗೆ ಬಿಟ್ಟಳು. "ಆದ್ರೆ ಪ್ರವಾಹ ಯಾವಾಗ್ಲೋ ಒಂದ್ಸಲ ಬರುತ್ತೆ. ನೀವು ದಿನಾ ಮನೆಗೆ ಬರ್ತೀರಲ್ಲ!"