ಅಜ್ಜಿಗೆ ಹದಿನೈದು ಪ್ರಶ್ನೆ

ಹಾಜರಿ ಕೂಗುವಾಗ ‘ಪ್ರೆಸೆಂಟ್’ ಎನ್ನಲು ನಾಚಿಕೆಯಾಗಿ, ದಿನವೂ ಹೋಗಿಯೂ ಹಾಜರಿ ಕೊರತೆ ಬಿದ್ದು ಕಾಲೇಜು ಬಿಟ್ಟವಳು ನಾನು. (ಬೆಳಗೊಳದಲ್ಲಿ ಈ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.) ಅಂಥವಳಿಗೆ ಅಪ್ಪ ಡೈರಿಗೆ ಹಾಲು ಹಾಕುವ ಕೆಲಸ ವಹಿಸಿದ. ಅಷ್ಟು ವರ್ಷ ಹಾಕುತ್ತಿದ್ದ ಅಜ್ಜಿ ಪುಟ್ಟತಾಯಮ್ಮನಿಗೆ ಮಂಡಿನೋವು. ಇನ್ನು ವಿಶ್ರಾಂತಿ ಎಂದು ಘೋಷಣೆಯಾಯಿತು. ನಾನು ಸಾಲು ಕರಗಿದ ಮೇಲೆ ಹೋಗಿ, ಯಾರ ಮುಖವನ್ನೂ ನೋಡದೆ ಹಾಲು ಸುರಿದು ಬರುತ್ತಿದ್ದೆ.

ವಿಶ್ರಾಂತಿ ಶುರುವಾದ ತಿಂಗಳಿಗೆ ಅಜ್ಜಿ ತಾನಾಗಿ ಮಾತಾಡುವುದು ನಿಂತಿತು. ಮುದ್ದೆ ಅರ್ಧಕ್ಕಿಳಿಯಿತು. ಗೋಡೆ ನೋಡುತ್ತಾ ಕೂರುತ್ತಿದ್ದಳು. ಊರ ಆಸ್ಪತ್ರೆಯ ನರ್ಸ್ ಶ್ವೇತ ಮೇಡಂ, ವಯಸ್ಸಾದವರ ಮನಸ್ಸೂ ಮಂಡಿಯಂತೆಯೇ ನೋಯುತ್ತದೆ ಎಂದು ಹದಿನೈದು ಪ್ರಶ್ನೆಗಳ ಹಾಳೆ ಕೊಟ್ಟರು. ಬೇಸರದ ಉತ್ತರಕ್ಕೆ ಒಂದೊಂದು ಅಂಕ. ಹತ್ತು ದಾಟಿದರೆ ಕರೆತರಬೇಕು.

ನಾನು ಸ್ಕೇಲಿಟ್ಟು ಗೆರೆ ಹಾಕಿದೆ. ‘ಹೌದು’ ನೀಲಿ, ‘ಇಲ್ಲ’ ಕೆಂಪು. ಸಂಜೆ ಆರಕ್ಕೆ ಸರಿಯಾಗಿ ವಿಚಾರಣೆ.

“ಅಜ್ಜಿ, ಖುಷಿಯಾಗಿದ್ದೀಯಾ?”

“ನಿಮ್ಮವ್ವ ಸಾರಿಗೆ ಉಪ್ಪಾಕಿದ್ ದಿನ.”

ಅದಕ್ಕೆ ಹಾಳೆಯಲ್ಲಿ ಜಾಗವಿರಲಿಲ್ಲ. ಸರಿಯಾದ ಉತ್ತರ ಬರಲೆಂದು ದಿನವೂ ಮೊದಲಿಂದ ಕೇಳಿದೆ.

“ಮೊದಲು ಮಾಡ್ತಿದ್ದ ಕೆಲಸ ಬಿಟ್ಟಿದ್ದೀಯಾ?”

“ಬುಟ್ಟಿಲ್ಲ ಕಣವ್ವ, ಕಿತ್ಕಂಡ್ರಿ. ಡೈರಿ ಸಾಲಲ್ ನಿಂತ್ರೆ ಊರೇ ಸಿಕ್ಕೋದು. ಈಗ ಗೋಡೆ ಸಿಗ್ತದೆ.”

ಇದು ಹೌದೋ ಇಲ್ಲವೋ ತಿಳಿಯದೆ ‘ಕಿತ್ತುಕೊಂಡಿದ್ದಾರೆ’ ಎಂಬ ಮೂರನೇ ಕಾಲಂ ಎಳೆದೆ. ಎಳೆಯುವಾಗ, ಕಿತ್ತುಕೊಂಡವರಲ್ಲಿ ನಾನೂ ಒಬ್ಬಳೆಂದು ಹೊಳೆದು ಗೆರೆ ಸೊಟ್ಟಗಾಯಿತು.

ಐದನೆಯ ಸಂಜೆಗೆ ಅಜ್ಜಿಗೆ ಪ್ರಶ್ನೆಗಳೆಲ್ಲ ಬಾಯಿಪಾಠ. “ಈಗ ನೀನೇಳವ್ವ,” ಎಂದಳು. “ಆಚೆ ಓಗೋಕಿಂತ ಮನೇಲ್ ಕೂರೋದೇ ಇಷ್ಟವಾ?”

ಸುಳ್ಳು ಹೇಳಿದರೆ ಲೆಕ್ಕ ಕೆಡುತ್ತದಲ್ಲ, ಹೌದೆಂದೆ. ಹದಿನೈದಕ್ಕೂ ಪ್ರಾಮಾಣಿಕವಾಗಿ ಉತ್ತರಿಸಿ, ಎರಡು ಸಲ ಕೂಡಿದೆ. ಅಜ್ಜಿಗೆ ಎಂಟು. ನನಗೆ ಹನ್ನೊಂದು.

ಮರುದಿನ ಬೆಳಿಗ್ಗೆ ಅಜ್ಜಿ ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ನನ್ನನ್ನು ಹಿಡಿದು ಹೊರಟಳು. ಮೊದಲು ಡೈರಿ, ಆಮೇಲೆ ಆಸ್ಪತ್ರೆ. ಶ್ವೇತ ಮೇಡಂ ಇಬ್ಬರಿಗೂ ಸೇರಿ ಒಂದೇ ಚೀಟಿ ಬರೆದರು: ಎರಡು ಹೊತ್ತೂ ಡೈರಿಗೆ ಜೊತೆಯಾಗಿ ಹೋಗಬೇಕು, ಕ್ಯಾನು ಮೊಮ್ಮಗಳು ಹೊರಬೇಕು, ತಿಂಗಳು ಬಿಟ್ಟು ಇಬ್ಬರೂ ಬರಬೇಕು.

ಈಗ ಅಜ್ಜಿ ಮುದ್ದೆ ಪೂರ್ತಿ ಉಣ್ಣುತ್ತಾಳೆ, ಮಾತು ದುಪ್ಪಟ್ಟಾಗಿದೆ. ನನ್ನ ಗತಿ ಕೇಳಿ. ನನ್ನ ಹನ್ನೊಂದು ಅಂಕವನ್ನು ಅಜ್ಜಿ ರ‍್ಯಾಂಕ್ ಬಂದಂತೆ ಸಾಲಿಗೆಲ್ಲ ಸಾರಿದಳು. ಅಂದಿನಿಂದ, ಸಾಲಿನಲ್ಲಿ ನಮ್ಮ ಮುಂದೆ ನಿಲ್ಲುವ ಮಂಗಳಮ್ಮ “ಅಕ್ಷಿತಾ” ಎಂದು ಕೂಗುತ್ತಾರೆ. ಕೊನೆಯವರಿಗೂ ಕೇಳುವಂತೆ ನಾನು “ಬಂದಿವ್ನಿ” ಎನ್ನುವವರೆಗೆ ತಮ್ಮ ಕ್ಯಾನು ಕದಲಿಸುವುದಿಲ್ಲ. ಹಿಂದೆ ಇಪ್ಪತ್ತು ಜನ ಹಾಲು ಹಿಡಿದು ನನ್ನ ಬಾಯನ್ನೇ ನೋಡುತ್ತಿರುತ್ತಾರೆ.

ದಿನಕ್ಕೆರಡು ಹಾಜರಿ. ಕಾಲೇಜಿನಲ್ಲಾದರೂ ಭಾನುವಾರ ರಜೆಯಿತ್ತು. ನಮ್ಮ ಹಸುವಿಗೆ ಅದು ಗೊತ್ತಿಲ್ಲ.