ಹೊಸ ಮೇಡಂಗೆ ಒಂದು ವಾರದ ಗಡುವು

ಹೊಸ ಕೆಲಸಕ್ಕೆ ಸೇರಿದವರು ನಗೆಪಾಟಲಾಗಲು ಮುಹೂರ್ತ ನೋಡಬೇಕಿಲ್ಲ. ದಿನವೂ ಒಳ್ಳೆಯ ದಿನವೇ. ಮಕ್ಕಳನ್ನು ಓದಿಸಿ ದಡ ಸೇರಿಸಿದ ಮೇಲೆ, ನಲವತ್ತಾರನೆಯ ವಯಸ್ಸಿನಲ್ಲಿ ನಾನು ಬನ್ನಿಮಂಟಪದ ಕಡೆಯ ಖಾಸಗಿ ಕಾಲೇಜೊಂದಕ್ಕೆ ಇತಿಹಾಸ ಪಾಠ ಮಾಡಲು ಸೇರಿದೆ. "ಒಂದು ವಾರ ನೋಡೋಣ. ಶುಕ್ರವಾರ ನಿಮ್ಮ ಕ್ಲಾಸಲ್ಲಿ ನಾನೇ ಬಂದು ಕೂತ್ಕೋತೀನಿ. ಆಮೇಲೆ ಮುಂದಿನ ಮಾತು" ಎಂದಿದ್ದರು ಪ್ರಿನ್ಸಿಪಾಲರು. ನನಗೆ ಈ ಕೆಲಸ ಬೇಕೇ ಬೇಕಿತ್ತು. ಇಪ್ಪತ್ತು ವರ್ಷದಿಂದ ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿದ್ದ ಎಂ.ಎ. ಸರ್ಟಿಫಿಕೇಟು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

೧. ಗೇಟಿನಲ್ಲಿ

ಮೊದಲ ದಿನ ಅಟೆಂಡರು ತಡೆದರು. "ಪೇರೆಂಟ್ಸ್ ಮೀಟಿಂಗ್ ಇವತ್ತಲ್ಲ ಕಣಮ್ಮ, ಮುಂದಿನ ವಾರ."

"ನಾನು ಪೇರೆಂಟ್ ಅಲ್ಲ, ಹೊಸ ಲೆಕ್ಚರರು."

ಅವರು ನನ್ನ ನೇಮಕದ ಆರ್ಡರನ್ನು ಎರಡು ಸಲ ಓದಿ, ಸ್ಟೂಲು ಬಿಟ್ಟೆದ್ದು ಕೈಮುಗಿದರು. "ತಪ್ಪು ತಿಳ್ಕೋಬೇಡಿ ಮೇಡಂ. ಮಕ್ಕಳ ದೆಸೆಯಿಂದ ಬೈಸ್ಕೊಳ್ಳೋಕೆ ಬಂದೋರ ಮುಖ ಇತ್ತು ನಿಮ್ದು."

೨. ಹನ್ನೆರಡು ನಿಮಿಷ

ಮೊದಲ ಪಾಠಕ್ಕೆ ಮೂರು ದಿನ ಕೂತು ನೋಟ್ಸ್ ಬರೆದಿದ್ದೆ. ಭಯಕ್ಕೆ ತಲೆಯೆತ್ತದೆ ಓದಿದೆ. ಮುಗಿಸಿ ಗಡಿಯಾರ ನೋಡಿದರೆ ಹನ್ನೆರಡು ನಿಮಿಷ. ಅಷ್ಟರಲ್ಲಿ ಹೊಯ್ಸಳರು ಬಂದು, ಆಳಿ, ಹೋಗಿಯೂ ಆಗಿತ್ತು.

ಮುಂದಿನ ಬೆಂಚಿನಲ್ಲಿದ್ದ ಇಲವಾಲದ ಹುಡುಗಿ ಎದ್ದುಬಂದು ತನ್ನ ನೀರಿನ ಬಾಟಲಿ ಕೊಟ್ಟಳು. "ಕುಡೀರಿ ಮೇಡಂ. ಆಮೇಲೆ ಇನ್ನೊಂದ್ಸಲ ಹೇಳಿ, ನಿಧಾನಕ್ಕೆ. ನಾವೆಲ್ಲ ಇಲ್ಲೇ ಇರ್ತೀವಿ."

ನನಗೆ ಕಣ್ಣು ತುಂಬಿಬಂತು. ಹಿಂದಿನ ಬೆಂಚಿನವನೊಬ್ಬ ಸೇರಿಸಿದ: "ನಾಲ್ಕೂವರೆಗೆ ಬಸ್ಸು ಮೇಡಂ, ಅಷ್ಟರೊಳಗೆ ಮುಗಿಸ್ಬುಡಿ."

೩. ಶುಕ್ರವಾರ

ಶುಕ್ರವಾರ ಕೊನೆಯ ಪೀರಿಯಡ್ಡಿಗೆ ಅರ್ಧ ಕ್ಲಾಸು ಊರಿನ ದಾರಿ ಹಿಡಿದಿರುತ್ತದೆ. ಖಾಲಿ ಬೆಂಚುಗಳನ್ನು ನೋಡಿ ಪ್ರಿನ್ಸಿಪಾಲರು ನನ್ನನ್ನೂ ಮನೆಗೆ ಕಳಿಸುತ್ತಾರೆಂದು ಹೆದರಿಕೊಂಡೇ ಒಳಗೆ ಹೋದೆ. ಕ್ಲಾಸು ಕಿಕ್ಕಿರಿದಿತ್ತು. ಬೆಂಚಿಗೆ ಐದೈದು ಜನ. ಪ್ರಿನ್ಸಿಪಾಲರಿಗೇ ಜಾಗವಿರಲಿಲ್ಲ, ಯಾರೋ ಸರಿದು ಕೂರಿಸಿಕೊಂಡರು. ನನಗೆ ಎಲ್ಲಿಲ್ಲದ ಧೈರ್ಯ ಬಂತು. ನೋಟ್ಸ್ ಮಡಚಿಟ್ಟು, ಮಕ್ಕಳ ಮುಖ ನೋಡಿಕೊಂಡು ಪಾಠ ಮಾಡಿದೆ.

ಗಂಟೆ ಹೊಡೆಯಿತು. ಪ್ರಿನ್ಸಿಪಾಲರು ಪಕ್ಕದ ಹುಡುಗಿಯನ್ನು ಕೇಳಿದರು, "ಮೇಡಂ ಪಾಠ ಹೆಂಗಿತ್ತಮ್ಮ?"

"ತುಂಬ ಚೆನ್ನಾಗಿತ್ತು ಸರ್. ನಾನು ಬಿಕಾಂನೋಳು, ನಂಗೂ ಅರ್ಥ ಆಯ್ತು."

"ಬಿಕಾಂನೋಳಿಗೆ ಇಲ್ಲೇನು ಕೆಲಸ?"

"ಕ್ಲಾಸು ತುಂಬಿದ್ರೆ ಮೇಡಂನ ಇಟ್ಕೋತಾರೆ, ಬನ್ನಿ ಅಂತ ಇವರೆಲ್ಲ ಕರೆದ್ರು ಸರ್. ಇಡೀ ಸೆಕ್ಷನ್ನೇ ಬಂದಿದ್ದೀವಿ."

ಪ್ರಿನ್ಸಿಪಾಲರು ಹುಬ್ಬು ಗಂಟಿಕ್ಕಿದರು. "ಈಗ ನಿಮಗೆ ಯಾರ ಕ್ಲಾಸಿತ್ತು?"

"ನಿಮ್ದೇ ಸರ್. ನೀವು ಇಲ್ಲಿಗೆ ಬಂದ್ಬುಟ್ರಲ್ಲ."

ಪ್ರಿನ್ಸಿಪಾಲರು ಎದ್ದು ನನ್ನ ಹತ್ತಿರ ಬಂದರು. "ಸೋಮವಾರದಿಂದ ಕೆಲಸ ಖಾಯಂ ಅಂತ ತಿಳ್ಕೊಳ್ಳಿ, ಮೇಡಂ" ಎಂದರು. ಆಮೇಲೆ ದನಿ ತಗ್ಗಿಸಿ, "ಮುಂದಿನ ವಾರ ನನ್ನ ಕ್ಲಾಸು ನೋಡೋಕೆ ಮ್ಯಾನೇಜ್‌ಮೆಂಟಿನೋರು ಬರ್ತಾರೆ. ನಿಮ್ಮ ಹುಡುಗ್ರನ್ನ ಸ್ವಲ್ಪ ಕಳಿಸ್ಕೊಡಿ" ಎಂದರು.